ಮನೆಗೆ ಕಳಿಸಿದೆವು, ಮನೆಗೆ ಹೋಗಲಿಲ್ಲ

ಹಳೇ ಹುಬ್ಬಳ್ಳಿ ಕಡೆಯ ಒಂದು ಓಣಿ. ಒಂದೇ ಕೋಣೆಯ ಮನೆ. ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗು ಹಾಕಿದ್ದರು. ಅದರಲ್ಲಿ ರೇಷನ್ ಕಾರ್ಡು, ಸಂಘದ ಸಾಲದ ಪಾಸ್‌ಬುಕ್ಕು, ಕರೆಂಟ್ ಬಿಲ್ಲು. ಅವುಗಳ ನಡುವೆ ನಾಲ್ಕು ಮಡಿಕೆಯ ಒಂದು ಕಾಗದ. ಆ ಮನೆಯ ತಾಯಿ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಅಕ್ಕಾರ, ಇದಕ್ಕ ಯಾವಾಗ ಹೋಗಬೇಕಂತ್ರಿ? ಸ್ವಲ್ಪ ನೋಡಿ ಹೇಳ್ರಿ."

ಹದಿನೆಂಟರೊಳಗಿನವರ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಮಗನನ್ನು ಕರೆತರಬೇಕಾದ ದಿನದ ಕಾಗದ ಅದು. ಆ ದಿನ ಕಳೆದು ಹನ್ನೊಂದು ದಿನ ಆಗಿತ್ತು.

ನಾನು ಆ ಮನೆಗೆ ಹೋಗಿದ್ದು ಮಹಿಳಾ ಸಂಘದ ಕೆಲಸಕ್ಕೆ. ಹುಡುಗನ ವಿಷಯ ನನಗೆ ಗೊತ್ತೇ ಇರಲಿಲ್ಲ. ಹದಿನಾರು ವರ್ಷದವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಮತ್ತೆ ಕಟ್ಟಲಿಲ್ಲ. ಎರಡು ತಿಂಗಳು ಗ್ಯಾರೇಜಿಗೆ ಹೋದ, ಬಿಟ್ಟ. ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಯಾರದೋ ಮೊಬೈಲ್ ತೆಗೆದು ಸಿಕ್ಕಿಬಿದ್ದ. ಎರಡು ವಾರ ರಿಮ್ಯಾಂಡ್ ಹೋಮಿನಲ್ಲಿದ್ದು ಜಾಮೀನಿನ ಮೇಲೆ ಮನೆಗೆ ಬಂದ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. "ಮಗನನ್ನು ಸರಿಯಾಗಿ ನೋಡಿಕೊಳ್ಳುತ್ತೇನೆ" ಅಂತ ಮುಚ್ಚಳಿಕೆಗೆ ಸಹಿ ಹಾಕಿ ಬಂದಿದ್ದರು. ಅಲ್ಲಿಂದ ಮುಂದೆ ಆ ಮನೆಯ ಬಾಗಿಲಿಗೆ ಯಾರೂ ಬಂದಿರಲಿಲ್ಲ. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇಂಥ ಮಕ್ಕಳ ಗುರುತು ಹೊರಗೆ ಬರಬಾರದು ಅಂತ ಕಾನೂನೇ ಹೇಳುತ್ತದೆ.)

ಕೆಲವು ತಿಂಗಳ ಮೇಲೆ ಅದೇ ಹುಡುಗ ಮತ್ತೆ ಸಿಕ್ಕಿಬಿದ್ದ. ಈ ಸಲ ಬೈಕು.

"ಮನೆಗೆ ಕಳಿಸಿದರೆ ಹಿಂಗೇ ಆಗೋದು, ಒಳಗೇ ಇಡಬೇಕಿತ್ತು" ಅಂತ ಓಣಿಯಲ್ಲಿ ಎಷ್ಟೋ ಜನ ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತಿಂಗಳೆಲ್ಲ ದುಡಿದು ಕೊಂಡ ಮೊಬೈಲ್ ಹೋದವನ ನೋವು ಸಣ್ಣದಲ್ಲ. ಆದರೆ ಮನೆಗೆ ಕಳಿಸಿದ್ದು ತಪ್ಪಲ್ಲ ಅಂತ ನಾನು ಹೇಳುತ್ತೇನೆ. ಹುಡುಗನನ್ನು ಮನೆಗೆ ಕಳಿಸಿದೆವು, ಅವನ ಹಿಂದೆ ನಾವ್ಯಾರೂ ಆ ಮನೆಗೆ ಹೋಗಲಿಲ್ಲ. ತಪ್ಪಿದ್ದು ಅಲ್ಲಿ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. ಈಗ ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯ್ದೆ. ಜಾರಿಗೆ ಬಂದದ್ದು 2016ರ ಜನವರಿ 15ಕ್ಕೆ. ಅದು "ಬಾಲಾಪರಾಧಿ" ಅನ್ನುವುದಿಲ್ಲ, "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಅನ್ನುತ್ತದೆ. ಉದ್ದದ ಮಾತು, ನಿಜ. ಆದರೆ ಹುಡುಗನ ಹಣೆಗೆ ಹೆಸರು ಅಂಟಿಸಬಾರದು ಅಂತಲೇ ಹಾಗೆ ಬರೆದಿದ್ದಾರೆ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಮನೆಯದು, ಸಂಸ್ಥೆಗೆ ಹಾಕುವುದು ಕಟ್ಟಕಡೆಯ ದಾರಿ ಅಂತ ಕಾಯ್ದೆಯ ಮೂಲತತ್ವಗಳಲ್ಲೇ ಇದೆ. ದೊಡ್ಡವರಿಗೆ ಜಾಮೀನು ಸಿಗದ ಪ್ರಕರಣದಲ್ಲೂ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಕಳ್ಳಕಾಕರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ, ನ್ಯಾಯಕ್ಕೆ ಅಡ್ಡಿ ಆಗುತ್ತದೆ ಅನ್ನುವ ಆಧಾರ ಇದ್ದರೆ ಮಾತ್ರ ಬೇಡ ಅನ್ನಬಹುದು. ತಪ್ಪು ಸಾಬೀತಾದ ಮೇಲೂ ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು. ತಂದೆತಾಯಿಯ ಇಲ್ಲವೇ "ಯೋಗ್ಯ ವ್ಯಕ್ತಿ"ಯೊಬ್ಬರ ನೋಡಿಕೆಯಲ್ಲಿ 3 ವರ್ಷದವರೆಗೆ ಸನ್ನಡತೆಯ ಮೇಲೆ ಬಿಡಬಹುದು.

ಇನ್ನೊಂದು ಮಾತೂ ಕಾಯ್ದೆಯಲ್ಲಿದೆ. ಮಗು ಸಿಕ್ಕ ಕೂಡಲೇ ಪೊಲೀಸರು ತಂದೆತಾಯಿಗೂ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಆಫೀಸರ್) ತಿಳಿಸಬೇಕು. ಅಧಿಕಾರಿ ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಯಾರಿದ್ದಾರೆ, ದುಡಿಮೆ ಏನು, ಶಾಲೆ ಯಾಕೆ ಬಿಟ್ಟ, ಗೆಳೆಯರು ಯಾರು, ಚಟ ಇದೆಯಾ, ಎಲ್ಲಾ ಅದರಲ್ಲಿ ಬರಬೇಕು. ಅಂದರೆ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ಕೂರುವ ಕೆಲಸವನ್ನು ಕಾನೂನೇ ಹೇಳಿದೆ. ಆದರೆ ಆ ಭೇಟಿ ವರದಿ ಬರೆಯುವುದಕ್ಕೆ. ಬರೆದು ಕೊಟ್ಟ ಮೇಲೆ ಕಡತ ಮುಂದೆ ಹೋಗುತ್ತದೆ. ಮನೆ ಅಲ್ಲೇ ಉಳಿಯುತ್ತದೆ.

ಇಂಥ ಹುಡುಗರೆಲ್ಲ ದಿಕ್ಕಿಲ್ಲದವರು, ಸ್ಟೇಷನ್ನಿನಲ್ಲಿ ಮಲಗುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಮಕ್ಕಳೇ ಆರೋಪಿಗಳಾಗಿ ದಾಖಲಾದ ಪ್ರಕರಣ 30,555. ಸಿಕ್ಕವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮಂದಿ 16ರಿಂದ 18ರ ಹುಡುಗರು. ಬಹುಪಾಲು ಮಕ್ಕಳು ಸಿಕ್ಕಿಬಿದ್ದಾಗ ತಂದೆತಾಯಿಯ ಜೊತೆಗೇ ಇದ್ದವರು. ವರ್ಷ ವರ್ಷವೂ ಇದೇ ಚಿತ್ರ. ಮನೆ ಇದೆ, ಅಪ್ಪ ಅಮ್ಮ ಇದ್ದಾರೆ. ಅಂದಮೇಲೆ ಆ ಮನೆಯೊಳಗೆ ಏನು ನಡೆದಿದೆ ಅಂತ ನೋಡದೆ ಹುಡುಗನೊಬ್ಬನನ್ನೇ ಹಿಡಿದು ರಿಪೇರಿ ಮಾಡುತ್ತೇವೆ ಅಂದರೆ ಆಗುತ್ತಾ?

ಈ ವಯಸ್ಸಿಗೆ ಇನ್ನೊಂದು ತೊಂದರೆ. ಕಡ್ಡಾಯ ಶಿಕ್ಷಣದ ಕಾನೂನು 14ಕ್ಕೆ ಮುಗಿಯುತ್ತದೆ. ಅಲ್ಲಿಯತನಕ ಶಾಲೆಗೆ ಬರದಿದ್ದರೆ ಮಾಸ್ತರು ಯಾರನ್ನಾದರೂ ಕಳಿಸಿ ಕೇಳುತ್ತಾರೆ. ಆಮೇಲೆ ಕೇಳುವವರಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗ ಬೆಳಗ್ಗೆ ಎದ್ದು ಎಲ್ಲಿಗೆ ಹೋದ ಅಂತ ಲೆಕ್ಕ ಇಡುವ ಇಲಾಖೆ ಇಲ್ಲ. ಲೆಕ್ಕ ಇಡುವವರು ಬೇರೆ ಇದ್ದಾರೆ. ಓಸಿ (ಮಟ್ಕಾ ಜೂಜು) ಚೀಟಿ ಓಡಾಡಿಸಲು ಹುಡುಗರು ಬೇಕಾದವರು, ಗಾಂಜಾ ಪೊಟ್ಟಣ ಮುಟ್ಟಿಸಲು ಬೇಕಾದವರು.

ಮನೆಗೇ ಹೋಗಿ ಮಾಡುವ ಸೇವೆ ಅಂದರೆ ಏನು? ಇದರ ಒಂದು ಹೆಸರಾಂತ ಮಾದರಿ ಶುರುವಾಗಿದ್ದು 1974ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನಲ್ಲಿ. ಹೆಸರು ಹೋಮ್‌ಬಿಲ್ಡರ್ಸ್. ಮಗುವನ್ನು ಮನೆಯಿಂದ ತೆಗೆದು ಬೇರೆ ಕಡೆ ಹಾಕಬೇಕು ಅನ್ನುವ ಸ್ಥಿತಿಗೆ ಬಂದ ಕುಟುಂಬಕ್ಕೆ ಒಬ್ಬ ಕಾರ್ಯಕರ್ತರನ್ನು ಕೊಡುತ್ತಾರೆ. ಆ ಕಾರ್ಯಕರ್ತರ ಕೈಯಲ್ಲಿ ಒಂದು ಹೊತ್ತಿಗೆ ಎರಡೇ ಮನೆ. ನಾಲ್ಕರಿಂದ ಆರು ವಾರ. ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಬರುತ್ತಾರೆ. ಬುದ್ಧಿಮಾತು ಒಂದೇ ಅಲ್ಲ, ಮನೆ ಬಾಡಿಗೆ ಬಾಕಿ ಇದ್ದರೆ ಅದಕ್ಕೂ ದಾರಿ ಹುಡುಕುತ್ತಾರೆ. ಇನ್ನೊಂದು ಮಾದರಿ ಮಲ್ಟಿಸಿಸ್ಟಮಿಕ್ ಥೆರಪಿ. ದಕ್ಷಿಣ ಕೆರೊಲಿನಾದಲ್ಲಿ ಸ್ಕಾಟ್ ಹೆಂಗ್ಲರ್ ಮತ್ತು ಜೊತೆಗಾರರು ಬೆಳೆಸಿದ್ದು. ಅದು ನೇರವಾಗಿ ಪೊಲೀಸ್ ಪ್ರಕರಣದ ಹುಡುಗರಿಗಾಗಿಯೇ ಇರುವುದು. ಒಬ್ಬ ಕಾರ್ಯಕರ್ತರಿಗೆ ನಾಲ್ಕರಿಂದ ಆರು ಕುಟುಂಬ, ಮೂರರಿಂದ ಐದು ತಿಂಗಳು. ಹುಡುಗನ ಮನೆ, ಶಾಲೆ, ಗೆಳೆಯರು, ಓಣಿ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತಾರೆ. ಹೆಚ್ಚಿನ ಕೆಲಸ ನಡೆಯುವುದು ತಂದೆತಾಯಿಯ ಜೊತೆ. ಯಾಕೆಂದರೆ ಕಾರ್ಯಕರ್ತರು ಹೋದ ಮೇಲೂ ಅಲ್ಲಿ ಇರುವವರು ಅವರೇ.

ಇವೆಲ್ಲ ಗೆದ್ದವಾ ಅಂದರೆ, ಒಂದೇ ಉತ್ತರ ಇಲ್ಲ. ಅಮೆರಿಕದಲ್ಲಿ ನಡೆದ ಕೆಲವು ಅಧ್ಯಯನಗಳಲ್ಲಿ ಹುಡುಗರು ಮತ್ತೆ ಸಿಕ್ಕಿಬೀಳುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು. ಇಂಗ್ಲೆಂಡಿನಲ್ಲಿ 684 ಕುಟುಂಬಗಳನ್ನು ಸೇರಿಸಿ ದೊಡ್ಡ ಪರೀಕ್ಷೆ ಮಾಡಿದರು, 2018ರಲ್ಲಿ ಫಲಿತಾಂಶ ಬಂತು. ಅಲ್ಲಿ ಮಲ್ಟಿಸಿಸ್ಟಮಿಕ್ ಥೆರಪಿಯು ಮೊದಲಿನಿಂದ ಇದ್ದ ಸೇವೆಗಿಂತ ಮೇಲು ಅಂತ ಸಾಬೀತಾಗಲಿಲ್ಲ. ಆದರೆ ಒಂದು ಗಮನಿಸಿ. ಅಲ್ಲಿ "ಮೊದಲಿನಿಂದ ಇದ್ದ ಸೇವೆ" ಅಂದರೂ ಹುಡುಗನ ಬೆನ್ನಿಗೆ ಒಂದು ತಂಡ ಇರುತ್ತದೆ. ನಮ್ಮಲ್ಲಿ ಆ ಜಾಗದಲ್ಲಿ ಇರುವುದು ಮುಚ್ಚಳಿಕೆಯ ಒಂದು ಹಾಳೆ. ಹಾಗಾಗಿ ಅಲ್ಲಿನ ಫಲಿತಾಂಶ ತೋರಿಸಿ ಇಲ್ಲಿ ಕೈಚೆಲ್ಲುವುದು ಸರಿಯಲ್ಲ.

ಇದಕ್ಕಿಂತ ದೊಡ್ಡ ಪಾಠ ಹಳೆಯದೊಂದರಲ್ಲಿದೆ. 1939ರಲ್ಲಿ ಅಮೆರಿಕದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಊರುಗಳಲ್ಲಿ 506 ಹುಡುಗರ ಮೇಲೆ ಒಂದು ಪ್ರಯೋಗ ಶುರುವಾಯಿತು. ಅರ್ಧ ಹುಡುಗರ ಮನೆಗೆ ಕಾರ್ಯಕರ್ತರು ಸುಮಾರು ಐದು ವರ್ಷ ಹೋಗಿ ಬಂದರು. ಉಳಿದರ್ಧಕ್ಕೆ ಏನೂ ಇಲ್ಲ. ಜೋನ್ ಮೆಕಾರ್ಡ್ ಅನ್ನುವ ವಿದ್ವಾಂಸೆ 1970ರ ದಶಕದಲ್ಲಿ ಆ ಹುಡುಗರನ್ನು ಹುಡುಕಿ ನೋಡಿದರು. ಸಹಾಯ ಪಡೆದವರು ಉತ್ತಮ ಆಗಿರಲಿಲ್ಲ. ಕೆಲವು ವಿಷಯಗಳಲ್ಲಿ ಇನ್ನೂ ಕೆಟ್ಟಿದ್ದರು! ಯಾಕೆ ಅಂತ ಕೆದಕಿದಾಗ ಮುಂದೆ ಒಂದು ಸುಳಿವು ಸಿಕ್ಕಿತು. ಜಾಸ್ತಿ ಹಾನಿ ಕಂಡಿದ್ದು ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದ ಹುಡುಗರಲ್ಲಿ. ಹಾದಿ ತಪ್ಪುತ್ತಿರುವ ಹುಡುಗರನ್ನು ಒಂದು ಕಡೆ ಕೂಡಿ ಹಾಕಿದರೆ ಅವರು ಕಲಿಯುವುದು ಒಬ್ಬರಿಂದೊಬ್ಬರು.

ಇದನ್ನು ಓದಿದಾಗ ನನಗೆ ಆ ಹುಡುಗನ ಮಾತು ನೆನಪಾಯಿತು. ಬೈಕಿನ ಲಾಕ್ ಮುರಿಯುವುದು ಎಲ್ಲಿ ಕಲಿತೆ ಅಂತ ಕೇಳಿದ್ದೆ. ತಲೆ ತಗ್ಗಿಸಿ, "ಒಳಗ ಒಬ್ಬಾಂವ ಹೇಳಿಕೊಟ್ಟಿದ್ದರಿ" ಅಂದ. ಮೊಬೈಲ್ ಕದ್ದು ಒಳಗೆ ಹೋದವನು ಬೈಕ್ ಕದಿಯುವುದನ್ನು ಕಲಿತು ಹೊರಗೆ ಬಂದ. ಅಲ್ಲಿ ಅವನನ್ನು ಯಾರೂ ಹೊಡೆಯಲಿಲ್ಲ, ಊಟ ಚೆನ್ನಾಗಿತ್ತು, ಕೇರಂ ಆಡಿದ. ಸುಮ್ನೆ ಕೂತ ಹೊತ್ತಿನಲ್ಲಿ ಪಾಠ ನಡೆಯಿತು, ಅಷ್ಟೇ. ಎರಡು ವಾರ ಸಾಕಾಯಿತು.

ಮನೆಯಲ್ಲಿ ಕೂತರೆ ಏನು ಕಾಣುತ್ತದೆ ಅನ್ನುವುದಕ್ಕೂ ಅದೇ ಮನೆಯನ್ನು ತೋರಿಸುತ್ತೇನೆ. ನಾನು ಆಮೇಲೆ ಮೂರು ನಾಲ್ಕು ಸಲ ಹೋದೆ, ಬೇಕಂತಲೇ ಸಂಜೆ. ತಾಯಿ ಖಾನಾವಳಿಯಲ್ಲಿ ರೊಟ್ಟಿ ಬಡಿದು ಬರುವುದು ರಾತ್ರಿ ಎಂಟಕ್ಕೆ. ಬೆರಳ ತುದಿಯಲ್ಲಿ ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿರುತ್ತಿತ್ತು. ತಂದೆ ಕುಡಿದು ಬಂದರೆ ಹುಡುಗ ಹೊರಗೆ ಹೋಗುತ್ತಾನೆ. ಮನೆಯಲ್ಲಿ ದೊಡ್ಡ ಅಕ್ಕ ಇದ್ದಾಳೆ, ಕೋಣೆ ಒಂದೇ. ಹಾಗಾಗಿ ಹುಡುಗ ಮಲಗುವುದು ಹೊರಗೆ, ಗುಡಿಯ ಕಟ್ಟೆ ಮೇಲೆ. ಆ ಕಟ್ಟೆಗೆ ರಾತ್ರಿ ಹತ್ತರ ಮೇಲೆ ಯಾರು ಬಂದು ಕೂರುತ್ತಾರೋ ಅವರೇ ಅವನ ಗೆಳೆಯರು. "ಕೆಟ್ಟ ಸಹವಾಸ" ಅಂತ ಫೈಲಿನಲ್ಲಿ ಎರಡೇ ಶಬ್ದ ಇರುತ್ತದೆ. ಅದರ ಹಿಂದೆ ಇರುವುದು ಮಲಗಲು ಜಾಗ ಇಲ್ಲದ್ದು.

ಮಂಗಳವಾರ ಸಂಘದ ಸಾಲದ ಕಂತು. ಕಂತಿನ ಹಿಂದಿನ ದಿನ ಮನೆಯಲ್ಲಿ ಜಗಳ ಗ್ಯಾರಂಟಿ. ಮೊಬೈಲ್ ಕದ್ದದ್ದು ಯಾವ ದಿನ ಅಂತ ಕೇಳಿದೆ. ಸೋಮವಾರ. ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಕಚೇರಿಯ ಟೇಬಲ್ಲಿನ ಈ ಕಡೆ ಕೂತವರಿಗೆ ಈ ಸೋಮವಾರ ಯಾವತ್ತೂ ಕಾಣುವುದಿಲ್ಲ.

ಅದೇ ಮನೆಯಲ್ಲಿ ಇನ್ನೊಂದೂ ಕಂಡಿತು. ತಾಯಿಯ ತಮ್ಮ ಧಾರವಾಡದ ಕಡೆ ವೆಲ್ಡಿಂಗ್ ಅಂಗಡಿಯಲ್ಲಿದ್ದಾನೆ. ಹುಡುಗ ಅಪ್ಪನ ಮಾತಿಗೆ ತಲೆ ಎತ್ತಿ ನಿಲ್ಲುತ್ತಾನೆ, ಸೋದರಮಾವ ಬಂದರೆ ಎದ್ದು ನೀರು ಕೊಡುತ್ತಾನೆ. ನಮ್ಮ ಕಡೆ ಸೋದರಮಾವನ ಮಾತಿಗೆ ಇರುವ ತೂಕ ನಿಮಗೂ ಗೊತ್ತು. ಅವನನ್ನು ಯಾರೂ ಕರೆದು ಕೇಳಿರಲಿಲ್ಲ. ಕಾನೂನಿನ "ಯೋಗ್ಯ ವ್ಯಕ್ತಿ" ಅನ್ನುವ ಎರಡು ಶಬ್ದ ಇಂಥವನಿಗಾಗಿಯೇ ಇದೆ ಅಲ್ವಾ?

ಹುಬ್ಬಳ್ಳಿ ಬಿಟ್ಟು ಆಚೆ ಹೋದರೆ ಮನೆಯ ಚಿತ್ರ ಬದಲಾಗುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದ ಮನೆಗಳಲ್ಲಿ ಹುಡುಗ ಅಜ್ಜಿಯ ಹತ್ತಿರ ಇರುತ್ತಾನೆ. ಅಜ್ಜಿಗೆ ಕಣ್ಣು ಮಂಜು, ಹುಡುಗನ ಕೈಯಲ್ಲಿ ಅಪ್ಪ ಕಳಿಸಿದ ಸ್ಮಾರ್ಟ್‌ಫೋನ್. ಅಲ್ಲಿ ವಾರಕ್ಕೊಮ್ಮೆ ತಂದೆತಾಯಿಯ ಜೊತೆ ವಿಡಿಯೋ ಕಾಲಿನಲ್ಲಿ ಕೂರಿಸಿ ಮಾತಾಡಿಸುವುದೇ ಕುಟುಂಬ ಸೇವೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಿವೆ. ಹಂಗಾಮು ಬಂದರೆ ಮಕ್ಕಳ ಕೈ ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತದೆ, ಎಷ್ಟೋ ಮಕ್ಕಳು ತಿರುಗಿ ಶಾಲೆಗೆ ಬರುವುದಿಲ್ಲ. ಅಲ್ಲಿ ಭೇಟಿ ಕೊಡಬೇಕಾದ್ದು ಕಳ್ಳತನ ಆದ ಮೇಲಲ್ಲ, ಹಂಗಾಮು ಮುಗಿದ ಮರುವಾರ.

ಈಗ ಸಿಬ್ಬಂದಿ ಲೆಕ್ಕಕ್ಕೆ ಬರೋಣ. ನನ್ನ ದೊಡ್ಡ ಚಿಂತೆ ಇದೇ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರತಿ ಜಿಲ್ಲೆಗೆ ಒಂದು ಮಕ್ಕಳ ರಕ್ಷಣಾ ಘಟಕ. ಅಧಿಕಾರಿಗಳನ್ನು ಬಿಟ್ಟರೆ ಅದರಲ್ಲಿ ಒಬ್ಬ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಒಬ್ಬ ಆಪ್ತ ಸಮಾಲೋಚಕರು, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಔಟ್‌ರೀಚ್ ಕಾರ್ಯಕರ್ತರು. ಇದು ಎಲ್ಲ ಹುದ್ದೆ ತುಂಬಿದಾಗಿನ ಲೆಕ್ಕ. ಧಾರವಾಡ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 18 ಲಕ್ಷ ದಾಟಿತ್ತು. ಹಾವೇರಿ ಸುಮಾರು 16 ಲಕ್ಷ, ಗದಗ ಹತ್ತಿರ ಹತ್ತಿರ 10.6 ಲಕ್ಷ. ಇದೇ ಆರು ಜನ ಬಾಲ್ಯವಿವಾಹಕ್ಕೂ ಓಡಬೇಕು, ಪೋಕ್ಸೋ ಪ್ರಕರಣದ ಮಗುವಿನ ಜೊತೆಗೂ ನಿಲ್ಲಬೇಕು, ಕಾಣೆಯಾದ ಮಗುವನ್ನು ಹುಡುಕಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಗೂ ಹೋಗಬೇಕು. ಟಕೋಮಾದಲ್ಲಿ ಒಬ್ಬರಿಗೆ ಎರಡು ಮನೆ. ಇಲ್ಲಿ ಒಬ್ಬ ಸಮಾಲೋಚಕರಿಗೆ ಒಂದು ಜಿಲ್ಲೆ. ಅವರು ಮನೆಗೆ ಹೋಗಲಿಲ್ಲ ಅಂತ ನಾನು ಯಾವ ಬಾಯಲ್ಲಿ ಬೈಯಲಿ?

ಹಣ ಇಲ್ಲವೇ ಇಲ್ಲ ಅಂತಲ್ಲ. ವಾತ್ಸಲ್ಯದಲ್ಲೇ ಪ್ರಾಯೋಜಕತ್ವ ಅಂತ ಇದೆ, ಮಗು ಮನೆಯಲ್ಲೇ ಉಳಿಯಲಿ ಅಂತ ತಿಂಗಳಿಗೆ 4,000 ರೂಪಾಯಿ. ಆದರೆ ಮನೆಯ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000 ಮೀರಬಾರದು. ಪಟ್ಟಣದಲ್ಲಿ ತಿಂಗಳಿಗೆ 8,000 ಅಂದಹಾಗಾಯಿತು. ಹಮಾಲಿ ಮಾಡುವ ಅಪ್ಪ, ರೊಟ್ಟಿ ಬಡಿಯುವ ಅಮ್ಮ, ಇಬ್ಬರೂ ದುಡಿದರೆ ಈ ಗೆರೆ ದಾಟಿಬಿಡುತ್ತದೆ. ದಾಟಿದ ಮಾತ್ರಕ್ಕೆ ಆ ಮನೆಗೆ ಇನ್ನೊಂದು ಕೋಣೆ ಬರುವುದಿಲ್ಲ. ಈ ಮಿತಿ ಏರಿಸಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇನ್ನು ಹೇಳಲೇಬೇಕಾದ ಒಂದು ವಿಷಯ. ಸರ್ಕಾರದವರು ಮನೆಗೆ ಬರುತ್ತಾರೆ ಅಂದರೆ ಹುಬ್ಬಳ್ಳಿಯ ಕೆಲವು ಓಣಿಗಳಲ್ಲಿ ಅದಕ್ಕೆ ಹಳೆಯ ಅರ್ಥ ಒಂದಿದೆ. ಇಲ್ಲಿ ಸೆಟ್ಲಮೆಂಟ್ ಅನ್ನುವ ಭಾಗ ಇದೆ, ಗದಗ-ಬೆಟಗೇರಿಯಲ್ಲೂ ಇದೆ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿ ಬ್ರಿಟಿಷರು ತಂದಿಟ್ಟ ಜಾಗಗಳು ಅವು. ದೊಡ್ಡವರು ಹಾಜರಿ ಹಾಕಬೇಕಿತ್ತು. 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಶಾಲೆಯಲ್ಲಿ ಇಡಲು ಅವಕಾಶವೇ ಇತ್ತು. ಆ ಕಾನೂನು ಇಡೀ ದೇಶದಲ್ಲಿ ರದ್ದಾಗಿದ್ದು 1952ರಲ್ಲಿ. ಇವತ್ತಿಗೂ ಎಲ್ಲೋ ಕಳ್ಳತನ ಆದರೆ ಆ ವಿಳಾಸದ ಹುಡುಗನ ಮೇಲೆ ಮೊದಲು ಕಣ್ಣು ಬೀಳುತ್ತದೆ ಅಂತ ಅಲ್ಲಿಯ ತಾಯಂದಿರು ಹೇಳುತ್ತಾರೆ. ಅಂಥ ಓಣಿಗೆ ಖಾಕಿ ಹಾಕಿಕೊಂಡು, ಜೀಪಿನಲ್ಲಿ ಹೋಗಿ "ಕುಟುಂಬ ಸೇವೆ" ಅಂದರೆ ಅದು ಸೇವೆ ಆಗುವುದಿಲ್ಲ, ಹಾಜರಿ ಆಗುತ್ತದೆ. ಹೋಗುವವರು ಪೊಲೀಸ್ ಆಗಿರಬಾರದು. ಮನೆಯಲ್ಲಿ ಕೇಳಿದ ಮಾತು ಠಾಣೆಗೆ ಹೋಗಬಾರದು. ಆದರೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತವರಿಗೆ ಇದೇ ಓಣಿಗಳಲ್ಲಿ ಚಹಾ ಸಿಗುತ್ತದೆ, ಅದನ್ನೂ ಕಂಡಿದ್ದೇನೆ.

ಎಲ್ಲ ಮನೆಯೂ ಮಗುವಿಗೆ ಒಳ್ಳೆಯ ಜಾಗ ಅಂತ ನಾನು ಹೇಳುತ್ತಿಲ್ಲ. ಮಗುವನ್ನು ರಕ್ತ ಬರುವ ಹಾಗೆ ಹೊಡೆಯುವ ಮನೆ ಇದೆ, ಮೈ ಮುಟ್ಟುವ ನೆಂಟ ಇರುವ ಮನೆ ಇದೆ, ಕಳ್ಳತನಕ್ಕೆ ತಾವೇ ಕಳಿಸುವವರೂ ಇದ್ದಾರೆ. ಅಲ್ಲಿಂದ ಮಗುವನ್ನು ಹೊರಗೆ ತರಲೇಬೇಕು. ಕೊಲೆ, ಅತ್ಯಾಚಾರದಂಥ ಪ್ರಕರಣದ ದಾರಿಯೇ ಬೇರೆ. ಆದರೆ ಯಾವ ಮನೆ ಎಂಥದು ಅಂತ ತಿಳಿಯುವುದಕ್ಕೂ ಯಾರಾದರೂ ಒಳಗೆ ಹೋಗಲೇಬೇಕಲ್ಲ.

ಹೋಗುವವರು ಎಲ್ಲಿಂದ ಬರಬೇಕು? ಅವಳಿನಗರದಲ್ಲಿ ಇದಕ್ಕೆ ಬರವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ ಇದೆ. ಆ ಕೋರ್ಸಿನ ಮಕ್ಕಳು ಕ್ಷೇತ್ರಕಾರ್ಯ ಮಾಡಲೇಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಗಾಂಜಾ, ಸೊಲ್ಯೂಷನ್ (ಅಂಟು) ಮೂಸುವ ಚಟಕ್ಕೆ ಬಿದ್ದ ಹುಡುಗನನ್ನು, ಕುಡಿತದ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು. "ಹೋಗ್ರಿ" ಅಂತ ಚೀಟಿ ಕೊಟ್ಟರೆ ಯಾರೂ ಹೋಗುವುದಿಲ್ಲ. ಜೊತೆಗೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಹತ್ತಿ ಕೂತರೆ ಹೋಗುತ್ತಾರೆ. ಆದರೆ ವಿದ್ಯಾರ್ಥಿಗಳನ್ನೇ ನೆಚ್ಚಿಕೊಳ್ಳಬಾರದು. ಸೆಮಿಸ್ಟರ್ ಮುಗಿದ ದಿನ ಅವರು ಹೋಗಿಬಿಡುತ್ತಾರೆ, ಹುಡುಗನಿಗೆ ಇನ್ನೊಬ್ಬರು ಕೈಬಿಟ್ಟಂತಾಗುತ್ತದೆ. ಸಂಬಳದ ಕಾರ್ಯಕರ್ತರು ಬೇಕು, ವಿದ್ಯಾರ್ಥಿಗಳು ಅವರ ಜೊತೆಗಿರಲಿ.

ಎಷ್ಟು ಜನ ಬೇಕು ಅಂತ ನಾನೇ ಲೆಕ್ಕ ಹಾಕಿ ನೋಡಿದೆ. ಒಬ್ಬರಿಗೆ ಒಂದು ಹೊತ್ತಿಗೆ ಐದು ಮನೆ, ಒಂದೊಂದು ಮನೆಗೆ ನಾಲ್ಕು ತಿಂಗಳು. ಒಬ್ಬರಿಂದ ವರ್ಷಕ್ಕೆ 15 ಮನೆ. ಹುಬ್ಬಳ್ಳಿ-ಧಾರವಾಡಕ್ಕೆ ನಾಲ್ಕು ಜನ ಕೊಟ್ಟರೆ 60 ಮನೆ. ಮೊದಲ ಸಲ ಕಳ್ಳತನಕ್ಕೆ ಸಿಕ್ಕ, 16 ದಾಟದ ಹುಡುಗರಿಂದ ಶುರು ಮಾಡಬಹುದು. ಜಾಮೀನಿನ ದಿನವೇ ಕಾರ್ಯಕರ್ತರು ಹುಡುಗನ ಜೊತೆ ಅದೇ ಆಟೋದಲ್ಲಿ ಮನೆಗೆ ಹೋಗಬೇಕು. ಮುಂದಿನ ತಾರೀಕನ್ನು ತಾಯಿಗೆ ಓದಿ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಬರಬೇಕು. ಅವರ ಕೆಲಸದ ಹೊತ್ತು ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆ ಅಂತ ಇಟ್ಟರೆ ಮನೆಯಲ್ಲಿ ಬರೀ ಬೀಗ ಸಿಗುತ್ತದೆ. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತೂವರೆ ಅಂತ ಆದೇಶದಲ್ಲೇ ಬರೆಯಬೇಕು. ರೊಟ್ಟಿ ಬಡಿದು ತಾಯಿ ಮನೆಗೆ ಬರುವುದು ಎಂಟಕ್ಕೆ.